ಇನ್ನೂ 24 ಯಂತ್ರ ಕೊಳ್ಳಬೇಕೇ? ನಮ್ಮ ರೆಂಡರ್ ಫಾರ್ಮ್ ಏಕೆ ತೆವಳುತ್ತಿದೆ?

ಅಂಧೇರಿ ನಿವಾಸಿ
ಸೋಮವಾರ, ರಾತ್ರಿ 10:40

ಮುಂಬಯಿ, ಪುಣೆ, ಗೋವಾಗಳಲ್ಲಿ ಚಿತ್ರರಂಗದ ತಾಂತ್ರಿಕ ಕೆಲಸದಲ್ಲಿರುವ ಕನ್ನಡಿಗರು ಇಲ್ಲಿ ಸಾಕಷ್ಟು ಮಂದಿ ಇರುವುದರಿಂದ ಈ ಪ್ರಶ್ನೆಯನ್ನು ಇಲ್ಲಿಯೇ ಕೇಳುತ್ತಿದ್ದೇನೆ. ಅಂಧೇರಿ ಪೂರ್ವದ ಸಣ್ಣ ವಿಎಫ್‌ಎಕ್ಸ್ (ದೃಶ್ಯ ಪರಿಣಾಮಗಳ) ಸ್ಟುಡಿಯೋ ಒಂದರಲ್ಲಿ ಯಂತ್ರಗಳ ಹೊಣೆ ನನ್ನದು. ಕಲಾವಿದರು ಹದಿನಾಲ್ಕು ಮಂದಿ. ಒಳಗಿನ ಕೋಣೆಯಲ್ಲಿ 16 ಯಂತ್ರಗಳ ರೆಂಡರ್ ಫಾರ್ಮ್ ಇದೆ, ಎಂದರೆ ದೃಶ್ಯದ ಒಂದೊಂದು ಫ್ರೇಮನ್ನೂ ಲೆಕ್ಕ ಹಾಕಿ ಚಿತ್ರವಾಗಿ ಮೂಡಿಸುವ ಯಂತ್ರಗಳ ಸಾಲು. ಪ್ರತಿಯೊಂದರಲ್ಲೂ 64 ಜಿಬಿ ರ‍್ಯಾಮ್ ಇದೆ. ಇವೆಲ್ಲಕ್ಕೂ ಕಡತ ಒದಗಿಸುವುದು ಒಂದೇ ಫೈಲ್ ಸರ್ವರ್, ಅದಕ್ಕಿರುವುದು 1 ಗಿಗಾಬಿಟ್ ಈಥರ್ನೆಟ್ ಸಂಪರ್ಕ.

ಈಗ ಕೈಯಲ್ಲಿರುವುದು ಹಳ್ಳಿಯೊಂದಕ್ಕೆ ನೆರೆ ನುಗ್ಗುವ 10 ಸೆಕೆಂಡಿನ ಶಾಟ್. ಸೆಕೆಂಡಿಗೆ 24ರಂತೆ 240 ಫ್ರೇಮ್ ಆಗುತ್ತದೆ. ಮನೆ, ಮರ, ಮಣ್ಣಿನ ಟೆಕ್ಸ್ಚರ್‌ಗಳು (ಮೇಲ್ಮೈಗೆ ಹೊದಿಸುವ ಚಿತ್ರಗಳು) ಸೇರಿ 7 ಜಿಬಿ, ಅದರ ಮೇಲೆ ಪ್ರತಿ ಫ್ರೇಮಿಗೂ ಬೇರೆಯಾದ ನೀರಿನ ಕ್ಯಾಶ್ (ಮೊದಲೇ ಲೆಕ್ಕ ಹಾಕಿಟ್ಟ ನೀರಿನ ಆಕಾರದ ಕಡತ) 2 ಜಿಬಿ. ರೆಂಡರರ್, ಎಂದರೆ ಚಿತ್ರ ಮೂಡಿಸುವ ತಂತ್ರಾಂಶ, ಆರ್ನಾಲ್ಡ್. ಲೈಟಿಂಗ್ ಮಾಡಿದ ಕಲಾವಿದರ ಯಂತ್ರದಲ್ಲಿ ಆರಂಭದ ಫ್ರೇಮ್‌ಗಳಿಗೆ 50 ನಿಮಿಷ, ನೊರೆ ಹೆಚ್ಚಾಗುವ ಕೊನೆಯ ಭಾಗಕ್ಕೆ 60 ನಿಮಿಷ ಹಿಡಿಯುತ್ತದೆ. ಅದೇ ಪ್ರೊಸೆಸರ್ ಇರುವ ಫಾರ್ಮ್ ಯಂತ್ರಗಳಲ್ಲಿ ಆರಂಭದ ಫ್ರೇಮ್‌ಗಳಿಗೇ 1 ಗಂಟೆ 15 ನಿಮಿಷ ಬೇಕು. 130ನೆಯ ಫ್ರೇಮ್ ದಾಟಿದ ಮೇಲೆ ಒಂದೊಂದಕ್ಕೂ ಎರಡೂವರೆ ಗಂಟೆ ಮೀರುತ್ತದೆ, ಕೆಲವು ನಡುವೆಯೇ ಸಾಯುತ್ತವೆ. ರಾತ್ರಿ ಕಳುಹಿಸಿದ ಶಾಟ್ ಮರುದಿನ ರಾತ್ರಿಯಾದರೂ ಮುಗಿದಿರುವುದಿಲ್ಲ.

ಯಂತ್ರ ಮಾರುವವರು ಇನ್ನೂ 24 ಯಂತ್ರಗಳಿಗೆ ಕೊಟೇಶನ್ ಕೊಟ್ಟಿದ್ದಾರೆ, ಮಾಲೀಕರು ಸಹಿ ಹಾಕಲು ಸಿದ್ಧರಿದ್ದಾರೆ. ಅಷ್ಟು ಹಣ ಹಾಕಿದ ಮೇಲೂ ಇದೇ ಸ್ಥಿತಿ ಉಳಿದರೆ ಉತ್ತರ ಕೊಡಬೇಕಾದವರು ನಾವೇ. ತಿಳಿದವರು ದಯವಿಟ್ಟು ಹೇಳಿ.


ರಾತ್ರಿಪಾಳಿ
ಮಂಗಳವಾರ, ಬೆಳಗಿನ ಜಾವ 3:15

ಅಂಧೇರಿಯವರೇ, ಈ ವಾರ ಆ ಕೊಟೇಶನ್ ಮೇಲೆ ಸಹಿ ಬೀಳದಂತೆ ಹೇಗಾದರೂ ನೋಡಿಕೊಳ್ಳಿ. ಗೋರೆಗಾಂವ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ರೆಂಡರ್ ರ‍್ಯಾಂಗ್ಲರ್ ಆಗಿದ್ದೇನೆ, ಬಹುಪಾಲು ರಾತ್ರಿ ಪಾಳಿ. ಈ ವೃತ್ತಿಯ ಪರಿಚಯವಿಲ್ಲದವರಿಗಾಗಿ ಹೇಳುತ್ತೇನೆ: ಕಲಾವಿದರು ಸಂಜೆ ಸರದಿಗೆ ಹಾಕಿ ಹೋದ ಫ್ರೇಮ್‌ಗಳು ಬೆಳಗಾಗುವುದರೊಳಗೆ ನೆಟ್ಟಗೆ ಹೊರಬರುವಂತೆ ಕಾಯುವುದು ನಮ್ಮ ಕೆಲಸ. ಯಾವ ಶಾಟಿಗೆ ಮೊದಲ ಸರದಿ ಎಂದು ನಿರ್ಧರಿಸುವುದು, ಕೆಟ್ಟ ಯಂತ್ರವನ್ನು ಸರದಿಯಿಂದ ಹೊರಗಿಡುವುದು, ಕಪ್ಪು ಚೌಕ ಬಿದ್ದ ಫ್ರೇಮನ್ನು ಹುಡುಕಿ ಮತ್ತೆ ಕಳುಹಿಸುವುದು ಎಲ್ಲವೂ ಅದರಲ್ಲಿ ಸೇರಿದೆ.

ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. 1 ಗಿಗಾಬಿಟ್ ಸಂಪರ್ಕ ಎಂದರೆ ಸೆಕೆಂಡಿಗೆ 125 ಎಂಬಿ. ನಿಜವಾಗಿ ಕೈಗೆ ಸಿಗುವುದು 110ರ ಆಸುಪಾಸು. ಕಲಾವಿದರ ಯಂತ್ರ ಒಂದೇ ಆಗಿದ್ದಾಗ 9 ಜಿಬಿ ಓದಲು ಒಂದೂವರೆ ನಿಮಿಷ ಸಾಕು. ಆದರೆ ಫಾರ್ಮಿನಲ್ಲಿ 16 ಯಂತ್ರಗಳು ಒಟ್ಟಿಗೆ ಹೊರಡುತ್ತವೆ, ಒಟ್ಟು 144 ಜಿಬಿ ಆ ಒಂದೇ ತಂತಿಯಲ್ಲಿ ಬರಬೇಕು. ಅದಕ್ಕೆ ಸುಮಾರು 22 ನಿಮಿಷ ಬೇಕು. ಅಷ್ಟು ಹೊತ್ತು ಪ್ರೊಸೆಸರ್‌ಗಳು ಕೈಕಟ್ಟಿ ಕುಳಿತಿರುತ್ತವೆ. ನಿಮ್ಮ 50 ನಿಮಿಷ 75 ಆದದ್ದರ ಬಹುಪಾಲು ಇಲ್ಲಿಯೇ ಇದೆ.

ಈಗ 24 ಯಂತ್ರ ಸೇರಿಸಿ 40 ಮಾಡಿದಿರಿ ಎನ್ನಿ. ಆಗ ಓದಬೇಕಾದದ್ದು 360 ಜಿಬಿ, ಕಾಯುವ ಹೊತ್ತು ಹತ್ತಿರ ಹತ್ತಿರ 55 ನಿಮಿಷ. ಎಂದರೆ ಬೆಳಕಿನ ಲೆಕ್ಕ ಹಾಕುವ ಸಮಯಕ್ಕಿಂತ ಕಡತಕ್ಕಾಗಿ ಕಾಯುವ ಸಮಯವೇ ಹೆಚ್ಚು. ಯಂತ್ರಗಳು ಎರಡೂವರೆ ಪಟ್ಟಾದರೂ ಕೆಲಸ ಒಂದೂಮುಕ್ಕಾಲು ಪಟ್ಟು ಕೂಡ ಚುರುಕಾಗುವುದಿಲ್ಲ. ನೇಜಿಯ ಕಟ್ಟು ಹೊತ್ತು ತರುವವನು ಒಬ್ಬನೇ ಇರುವಾಗ ಗದ್ದೆಗೆ ಇನ್ನೂ ಹತ್ತು ಆಳು ಇಳಿಸಿದರೆ ಅವರು ಕೆಸರಿನಲ್ಲಿ ನಿಂತು ದಾರಿ ಕಾಯುತ್ತಾರೆ, ಕೂಲಿ ಮಾತ್ರ ಎಲ್ಲರಿಗೂ ಕೊಡಬೇಕು.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಬಿಡುಗಡೆಗೆ ಮೂರು ವಾರವಿದ್ದಾಗ ಅವಸರದಿಂದ ಬಾಡಿಗೆಗೆ ಯಂತ್ರಗಳನ್ನು ತಂದು ಜೋಡಿಸಿದರು. ಅವು ಸರದಿಗೆ ಸೇರಿದ ಮೊದಲ ರಾತ್ರಿಯೇ, ಎರಡು ಗಂಟೆಯ ಹೊತ್ತಿಗೆ, ಫೈಲ್ ಸರ್ವರ್ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಕಡತ ಸಿಗದ ಟೆಕ್ಸ್ಚರ್‌ಗಳ ಜಾಗದಲ್ಲಿ ರೆಂಡರರ್ ಒಂದು ಗಾಢ ಬಣ್ಣ ತುಂಬಿ ಮುಂದಕ್ಕೆ ಹೋಗಿತ್ತು. ಸರದಿಯ ಪರದೆಯಲ್ಲಿ ಎಲ್ಲವೂ ಹಸಿರು, ಎಲ್ಲವೂ ‘ಮುಗಿದಿದೆ’. ಬೆಳಿಗ್ಗೆ ನಿರ್ದೇಶಕರ ಮುಂದೆ ಶಾಟ್ ಹಾಕಿದಾಗ ಅರಮನೆಯ ಅರ್ಧ ಗೋಡೆ ನೇರಳೆ ಬಣ್ಣದಲ್ಲಿತ್ತು. ಅಂದಿನಿಂದ ‘ಮುಗಿದಿದೆ’ ಎಂಬ ಪದವನ್ನು ನಂಬದೆ, ಪ್ರತಿ ಶಾಟಿನ ಫ್ರೇಮ್‌ಗಳನ್ನು ಸಣ್ಣ ಚಿತ್ರಗಳಾಗಿ ಹರಡಿ ಒಂದೊಂದನ್ನೂ ಕಣ್ಣಾರೆ ನೋಡುತ್ತೇನೆ.

ಆದರೆ 130ನೆಯ ಫ್ರೇಮಿನ ನಂತರ ಎರಡೂವರೆ ಗಂಟೆಯಾಗುವುದಕ್ಕೆ ತಂತಿ ಕಾರಣವಲ್ಲ, ಅಲ್ಲಿ ಬೇರೇನೋ ಇದೆ. ಒಂದು ಆರಂಭದ ಫ್ರೇಮ್, ಒಂದು ಕೊನೆಯ ಭಾಗದ ಫ್ರೇಮ್, ಎರಡರ ಲಾಗ್ (ರೆಂಡರರ್ ತಾನೇ ಬರೆದಿಡುವ ದಾಖಲೆ) ತೆಗೆದು ಮೂರು ಅಂಕಿಗಳನ್ನು ಇಲ್ಲಿ ಹಾಕಿ: ಒಟ್ಟು ಹಿಡಿದ ಸಮಯ, ಗರಿಷ್ಠ ಮೆಮೊರಿ, ಮತ್ತು ಯಂತ್ರದ ಬಳಕೆ ಶೇಕಡಾ ಎಷ್ಟು ಎಂಬುದು. ಆರ್ನಾಲ್ಡ್ ಇವೆಲ್ಲವನ್ನೂ ಬರೆದಿಡುತ್ತದೆ. ಕಲಾವಿದರ ಯಂತ್ರದಲ್ಲಿ ರ‍್ಯಾಮ್ ಎಷ್ಟಿದೆ ಎಂಬುದನ್ನೂ ತಿಳಿಸಿ.


ಮಾಟುಂಗಾ ವಿದ್ಯಾರ್ಥಿನಿ
ಮಂಗಳವಾರ, ಬೆಳಿಗ್ಗೆ 9:05

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಾನು ಆನಿಮೇಶನ್ ಕೋರ್ಸಿನ ಎರಡನೆಯ ವರ್ಷದಲ್ಲಿದ್ದೇನೆ. ನನ್ನ ತಮ್ಮ ಮನೆಯಲ್ಲಿ ಆಡುವ ಆಟದಲ್ಲಿ ಸೆಕೆಂಡಿಗೆ 60 ಚಿತ್ರಗಳು ಮೂಡುತ್ತವೆ, ನೀರೂ ಇರುತ್ತದೆ, ಬೆಳಕೂ ಇರುತ್ತದೆ. ಹೀಗಿರುವಾಗ ಸಿನಿಮಾದ ಒಂದೇ ಫ್ರೇಮಿಗೆ ಒಂದು ಗಂಟೆ ಏಕೆ ಬೇಕು? ತರಗತಿಯಲ್ಲಿ ಕೇಳಿದಾಗ ‘ಗುಣಮಟ್ಟ’ ಎಂಬ ಒಂದೇ ಪದದ ಉತ್ತರ ಸಿಕ್ಕಿತು.


ಕೊಥ್ರೂಡ್ ಕನ್ನಡಿಗ
ಮಂಗಳವಾರ, ಮಧ್ಯಾಹ್ನ 1:30

ಒಳ್ಳೆಯ ಪ್ರಶ್ನೆ ಕೇಳಿದಿರಿ ತಂಗಿ, ಇದರ ಉತ್ತರ ಸಿಕ್ಕಿದರೆ ಅಂಧೇರಿಯವರ ಸಮಸ್ಯೆಯೂ ಅರ್ಧ ತಿಳಿಯಾಗುತ್ತದೆ. ನಾನು ಪುಣೆಯಲ್ಲಿ ವೈಜ್ಞಾನಿಕ ಲೆಕ್ಕಾಚಾರದ ದೊಡ್ಡ ಯಂತ್ರಗಳ ನಿರ್ವಹಣೆಯಲ್ಲಿದ್ದೇನೆ. ಕೆಲವು ವರ್ಷ ವಿಎಫ್‌ಎಕ್ಸ್‌ನಲ್ಲೂ ಇದ್ದೆ.

ಆಟದ ಯಂತ್ರ ಬೆಳಕನ್ನು ಬಹಳಷ್ಟು ಮಟ್ಟಿಗೆ ಮೊದಲೇ ಸಿದ್ಧಪಡಿಸಿದ ಉಪಾಯಗಳಿಂದ ತೋರಿಸುತ್ತದೆ. ಸಿನಿಮಾದ ರೆಂಡರರ್ ಬೆಳಕಿನ ದಾರಿಯನ್ನೇ ಹಿಡಿದು ಹೋಗುತ್ತದೆ. ಕ್ಯಾಮೆರಾದಿಂದ ಒಂದು ಕಿರಣ ಹೊರಡುತ್ತದೆ, ಕೆಸರು ನೀರಿಗೆ ತಾಗುತ್ತದೆ, ಒಂದಷ್ಟು ಒಳಗೆ ಹೋಗಿ ಬಾಗುತ್ತದೆ, ಒಂದಷ್ಟು ಚಿಮ್ಮಿ ಗೋಡೆಗೆ ಬಡಿಯುತ್ತದೆ, ಅಲ್ಲಿಂದ ಆಕಾಶಕ್ಕೋ ದೀಪಕ್ಕೋ ಹೋಗಿ ಮುಟ್ಟುತ್ತದೆ. ಹೀಗೆ ಪ್ರತಿಯೊಂದು ಪಿಕ್ಸೆಲ್‌ಗೂ ನೂರಾರು ಬಾರಿ, ಕೆಲವೊಮ್ಮೆ ಸಾವಿರ ಮೀರಿ. 2ಕೆ ಅಳತೆಯ ಒಂದು ಫ್ರೇಮಿನಲ್ಲಿ, ಎಂದರೆ 2048 ಅಡ್ಡ, 1080 ಉದ್ದದಲ್ಲಿ, 22 ಲಕ್ಷ ಪಿಕ್ಸೆಲ್‌ಗಳಿವೆ. ಈ ವಿಧಾನದ ಗಣಿತವನ್ನು ಜೇಮ್ಸ್ ಕಾಜಿಯಾ 1986ರಲ್ಲೇ ಬರೆದಿಟ್ಟಿದ್ದರು. ಅದು ಸಿನಿಮಾದ ದಿನನಿತ್ಯದ ಕೆಲಸಕ್ಕೆ ಕೈಗೆಟುಕಲು ಎರಡು ದಶಕಗಳೇ ಬೇಕಾದವು.

ಇಲ್ಲೊಂದು ಕಹಿ ಲೆಕ್ಕವಿದೆ. ಕಿರಣಗಳನ್ನು ಯಾದೃಚ್ಛಿಕವಾಗಿ ಆರಿಸುವುದರಿಂದ ಚಿತ್ರದಲ್ಲಿ ಕಾಳು ಕಾಳಾದ ಗದ್ದಲ ಉಳಿಯುತ್ತದೆ. ಆ ಗದ್ದಲ ಅರ್ಧವಾಗಬೇಕಾದರೆ ಕಿರಣಗಳು ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು. ಮತ್ತೆ ಅರ್ಧವಾಗಬೇಕಾದರೆ ಹದಿನಾರು ಪಟ್ಟು. ಮೇಲ್ವಿಚಾರಕರು ‘ಇನ್ನು ಸ್ವಲ್ಪ ಸ್ವಚ್ಛ ಮಾಡಿ’ ಎಂದ ಆ ಸ್ವಲ್ಪಕ್ಕೆ ಒಂದು ಇಡೀ ರಾತ್ರಿ ಹೋಗುವುದು ಈ ಕಾರಣಕ್ಕೆ.

ಯಂತ್ರಗಳು ವೇಗವಾದಂತೆ ಫ್ರೇಮಿನ ಸಮಯ ಇಳಿಯಬೇಕಲ್ಲವೇ ಎಂದು ನೀವು ಕೇಳಬಹುದು. ಇಳಿದಿಲ್ಲ. 1995ರ ‘ಟಾಯ್ ಸ್ಟೋರಿ’ಯನ್ನು ಪಿಕ್ಸಾರ್ ಸನ್ ಕಂಪನಿಯ 117 ಯಂತ್ರಗಳಲ್ಲಿ ರೆಂಡರ್ ಮಾಡಿತು, ಒಂದು ಫ್ರೇಮಿಗೆ 45 ನಿಮಿಷದಿಂದ 30 ಗಂಟೆಯವರೆಗೆ ಹಿಡಿಯುತ್ತಿತ್ತು. 2013ರ ‘ಮಾನ್‌ಸ್ಟರ್ಸ್ ಯೂನಿವರ್ಸಿಟಿ’ಯ ಹೊತ್ತಿಗೆ ಅದೇ ಸಂಸ್ಥೆಯ ಬಳಿ 24,000ಕ್ಕೂ ಹೆಚ್ಚು ಕೋರ್‌ಗಳಿದ್ದವು (ಕೋರ್ ಎಂದರೆ ಪ್ರೊಸೆಸರಿನೊಳಗಿನ ಲೆಕ್ಕದ ಘಟಕ), ಆದರೂ ಒಂದು ಫ್ರೇಮಿಗೆ 29 ಗಂಟೆ ಬೇಕಾಗುತ್ತಿತ್ತು. ವೇಗ ಹೆಚ್ಚಿದಷ್ಟೂ ಕಲಾವಿದರು ಇನ್ನಷ್ಟು ಕೂದಲು, ಇನ್ನಷ್ಟು ಎಲೆ, ಇನ್ನಷ್ಟು ನಿಜವಾದ ಬೆಳಕನ್ನು ಕೇಳುತ್ತಾರೆ. ಅದು ಅವರ ತಪ್ಪಲ್ಲ, ಕೇಳಲೇಬೇಕು.

ನನ್ನ ಕಡೆಯಿಂದ ಇನ್ನೊಂದು ವಿಷಯ. ಪುಣೆಯ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ‘ಪರಮ್ 8000’ ಸೂಪರ್‌ಕಂಪ್ಯೂಟರ್ ಕಟ್ಟಿದಾಗಿನಿಂದ ಈ ಊರಿನಲ್ಲಿ ಹಲವು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ವಿದ್ಯೆ ಬೆಳೆದಿದೆ. ಹವಾಮಾನದ ಲೆಕ್ಕದಲ್ಲಿ ಪ್ರತಿ ಯಂತ್ರವೂ ಪಕ್ಕದ ಯಂತ್ರದೊಡನೆ ಕ್ಷಣಕ್ಷಣವೂ ಮಾತಾಡಬೇಕು. ರೆಂಡರ್ ಫಾರ್ಮ್‌ಗೆ ಆ ಕಷ್ಟವಿಲ್ಲ. 40ನೆಯ ಫ್ರೇಮಿಗೆ 41ನೆಯದರ ಗೊಡವೆಯಿಲ್ಲ. ಹೀಗಾಗಿಯೇ ಸಾಮಾನ್ಯ ಯಂತ್ರಗಳನ್ನು ಸಾಲಾಗಿ ಜೋಡಿಸಿದರೂ ಅದು ನಡೆಯುತ್ತದೆ. 1997ರ ‘ಟೈಟಾನಿಕ್’ಗಾಗಿ ಡಿಜಿಟಲ್ ಡೊಮೇನ್ ಸಂಸ್ಥೆ ಆಲ್ಫಾ ಪ್ರೊಸೆಸರಿನ 160 ಯಂತ್ರಗಳನ್ನು ಜೋಡಿಸಿ, ಅವುಗಳಲ್ಲಿ 105ರ ಮೇಲೆ ಲಿನಕ್ಸ್ ಓಡಿಸಿತ್ತು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ಆದರೆ ನೀರು ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುವ (ಸಿಮ್ಯುಲೇಶನ್) ಹಂತ ಹವಾಮಾನದ ಲೆಕ್ಕದ ಕಡೆಗೇ ಸೇರುತ್ತದೆ: 41ನೆಯ ಫ್ರೇಮಿನಲ್ಲಿ ನೀರು ಎಲ್ಲಿರುತ್ತದೆ ಎಂಬುದು 40ನೆಯದು ಮುಗಿಯದೆ ಗೊತ್ತಾಗುವುದಿಲ್ಲ. ಅದನ್ನು ಫ್ರೇಮ್ ಫ್ರೇಮಾಗಿ ಫಾರ್ಮಿಗೆ ಹಂಚಲಾಗದು. ನೀವು 24 ಯಂತ್ರ ತಂದಷ್ಟಕ್ಕೇ ಆ ಹಂತ ಬೇಗ ಮುಗಿಯುವುದಿಲ್ಲ ಎಂಬುದನ್ನು ಮಾಲೀಕರಿಗೆ ಮೊದಲೇ ತಿಳಿಸಿಡಿ.


ಅಂಧೇರಿ ನಿವಾಸಿ
ಮಂಗಳವಾರ, ಸಂಜೆ 7:50

ಇಬ್ಬರಿಗೂ ಮನಸಾರೆ ಧನ್ಯವಾದ. ಸಹಿಯನ್ನು ಶುಕ್ರವಾರದವರೆಗೆ ತಡೆದಿದ್ದೇನೆ. ಕೇಳಿದ ಅಂಕಿಗಳು ಹೀಗಿವೆ.

40ನೆಯ ಫ್ರೇಮ್: ಒಟ್ಟು 1 ಗಂಟೆ 15 ನಿಮಿಷ, ಗರಿಷ್ಠ ಮೆಮೊರಿ 41 ಜಿಬಿ, ಯಂತ್ರದ ಬಳಕೆ ಶೇ. 67.

187ನೆಯ ಫ್ರೇಮ್: ಒಟ್ಟು 2 ಗಂಟೆ 40 ನಿಮಿಷ, ಗರಿಷ್ಠ ಮೆಮೊರಿ 79 ಜಿಬಿ, ಯಂತ್ರದ ಬಳಕೆ ಶೇ. 37.

ಕಲಾವಿದರ ಯಂತ್ರದಲ್ಲಿ 128 ಜಿಬಿ ರ‍್ಯಾಮ್ ಇದೆ. ಇದನ್ನು ಟೈಪ್ ಮಾಡುವಾಗಲೇ ನನಗೆ ಕಾರಣ ಹೊಳೆಯಿತು. ಇಷ್ಟು ದಿನ ಆ ಲಾಗ್ ಕಡತಗಳನ್ನು ತೆರೆದು ನೋಡದಿದ್ದುದಕ್ಕೆ ಬೇಸರವಾಗುತ್ತಿದೆ.


ರಾತ್ರಿಪಾಳಿ
ಬುಧವಾರ, ಬೆಳಗಿನ ಜಾವ 2:20

ಬೇಸರ ಬೇಡ, ಬಿಡುಗಡೆಯ ಒತ್ತಡದಲ್ಲಿ ಯಾರೂ ಲಾಗ್ ತೆರೆಯುವುದಿಲ್ಲ. ನಿಮಗೆ ಹೊಳೆದದ್ದೇ ಸರಿ. ನೊರೆಯ ಕಣಗಳು ಹೆಚ್ಚಾದಂತೆ ದೃಶ್ಯಕ್ಕೆ 79 ಜಿಬಿ ಬೇಕಾಗಿದೆ, ಯಂತ್ರದಲ್ಲಿರುವುದು 64. ಮಿಕ್ಕದ್ದನ್ನು ಆಪರೇಟಿಂಗ್ ಸಿಸ್ಟಮ್ ಡಿಸ್ಕಿಗೆ ಬರೆಯುವುದು, ಬೇಕೆಂದಾಗ ಮತ್ತೆ ಓದುವುದು, ಹೀಗೆ ಅತ್ತಿತ್ತ ಸಾಗಿಸುತ್ತಿದೆ. ಬೆಳಕಿನ ಕಿರಣ ದೃಶ್ಯದ ಯಾವ ಮೂಲೆಗೆ ಹಾರುತ್ತದೆಂದು ಮೊದಲೇ ಹೇಳಲಾಗುವುದಿಲ್ಲವಾದ್ದರಿಂದ ಈ ಸಾಗಾಟಕ್ಕೆ ಕೊನೆಯೇ ಇರುವುದಿಲ್ಲ. ಡಿಸ್ಕಿನ ಆ ಜಾಗವೂ ತುಂಬಿದಾಗ ನಿಮ್ಮ ಫ್ರೇಮ್ ಸಾಯುತ್ತದೆ.

ನಾನಾಗಿದ್ದರೆ ಮೊದಲು ರ‍್ಯಾಮ್ ತರುತ್ತಿದ್ದೆ. 16 ಯಂತ್ರಗಳನ್ನೂ 128 ಜಿಬಿಗೆ ಏರಿಸಿ. 24 ಹೊಸ ಯಂತ್ರಗಳ ಹಣದ ಮುಂದೆ ಅದು ಸಣ್ಣ ಮೊತ್ತ. ನಿಮ್ಮ ಕೊಟೇಶನ್ನಿನ ಹೊಸ ಯಂತ್ರಗಳಲ್ಲೂ 64 ಜಿಬಿಯೇ ಇದ್ದರೆ, ಆ 24ರಲ್ಲಿ ಒಂದೂ 187ನೆಯ ಫ್ರೇಮನ್ನು ನೆಟ್ಟಗೆ ಮುಗಿಸುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಆಮೇಲೆ ತಂತಿ. ಫೈಲ್ ಸರ್ವರ್‌ಗೆ 10 ಗಿಗಾಬಿಟ್ ಕಾರ್ಡು ಮತ್ತು ಅಂಥ ಒಂದೆರಡು ಪೋರ್ಟ್ ಇರುವ ಸ್ವಿಚ್ ಹಾಕಿ. ಫಾರ್ಮ್ ಯಂತ್ರಗಳು 1 ಗಿಗಾಬಿಟ್‌ನಲ್ಲೇ ಇರಲಿ, ಅವು ತಲಾ ತಮ್ಮ ಪಾಲನ್ನು ಎಳೆದುಕೊಳ್ಳುತ್ತವೆ. ಸರ್ವರ್‌ನೊಳಗಿನ ಡಿಸ್ಕುಗಳು ಅಷ್ಟು ವೇಗವಾಗಿ ಓದಬಲ್ಲವೇ ಎಂಬುದನ್ನು ಕೊಳ್ಳುವ ಮೊದಲೇ ಅಳೆಯಿರಿ, ಇಲ್ಲವಾದರೆ ಅಡಚಣೆ ತಂತಿಯಿಂದ ಡಿಸ್ಕಿಗೆ ಜಾಗ ಬದಲಿಸುತ್ತದೆ, ಅಷ್ಟೆ. ಟೆಕ್ಸ್ಚರ್‌ಗಳು ಶಾಟಿನ ಉದ್ದಕ್ಕೂ ಬದಲಾಗುವುದಿಲ್ಲವಲ್ಲ, ಆ 7 ಜಿಬಿಯನ್ನು ಸಂಜೆಯೇ ಪ್ರತಿ ಯಂತ್ರದ ಒಳಗಿನ ಎಸ್‌ಎಸ್‌ಡಿಗೆ (ವೇಗದ ಡಿಸ್ಕಿಗೆ) ನಕಲು ಮಾಡಿಡಿ. ಆಗ ಫ್ರೇಮಿಗೆ ತಂತಿಯಲ್ಲಿ ಬರಬೇಕಾದದ್ದು 2 ಜಿಬಿಯ ನೀರಿನ ಕ್ಯಾಶ್ ಮಾತ್ರ.

ಟೆಕ್ಸ್ಚರ್‌ಗಳನ್ನು ‘ಟಿಎಕ್ಸ್’ ರೂಪಕ್ಕೆ ಬದಲಿಸಿದ್ದೀರಾ ಎಂದೂ ನೋಡಿ. ಆ ರೂಪದಲ್ಲಿ ಒಂದೇ ಚಿತ್ರ ಹಲವು ಅಳತೆಗಳಲ್ಲಿ, ಸಣ್ಣ ಸಣ್ಣ ಚೌಕಗಳಾಗಿ ಇರುತ್ತದೆ. ದೂರದ ಮನೆಯ ಹೆಂಚಿಗೆ ರೆಂಡರರ್ ಸಣ್ಣ ಅಳತೆಯ ಎರಡು ಚೌಕ ಓದಿ ಮುಂದೆ ಹೋಗುತ್ತದೆ, ಇಡೀ ಚಿತ್ರವನ್ನು ಎಳೆಯುವುದಿಲ್ಲ. ಇನ್ನು, ಸರದಿಯಲ್ಲಿ ಒಂದು ಕಂತಿಗೆ, ಎಂದರೆ ಒಂದು ಯಂತ್ರಕ್ಕೆ ಒಮ್ಮೆಗೆ ಕೊಡುವ ಕೆಲಸಕ್ಕೆ, ಒಂದೇ ಫ್ರೇಮ್ ಇಟ್ಟಿದ್ದೀರಿ ಎಂದು ಊಹಿಸುತ್ತೇನೆ. ಐದೈದು ಮಾಡಿ. ಪ್ರತಿ ದೋಸೆಗೂ ಒಲೆ ಆರಿಸಿ ಮತ್ತೆ ಹೊತ್ತಿಸುವ ಹಾಗೆ ಪ್ರತಿ ಫ್ರೇಮಿಗೂ ತಂತ್ರಾಂಶವನ್ನು ಮುಚ್ಚಿ ತೆರೆಯುವುದು ತಪ್ಪುತ್ತದೆ.


ಮಡಗಾಂವ್ ಮಳೆ
ಬುಧವಾರ, ಬೆಳಿಗ್ಗೆ 11:10

ರಾತ್ರಿಪಾಳಿ ಅಣ್ಣನ ಮಾತು ಒಪ್ಪುತ್ತೇನೆ. ಆದರೆ ಸಿಪಿಯು (ಸಾಮಾನ್ಯ ಪ್ರೊಸೆಸರ್) ಫಾರ್ಮ್ ಒಂದೇ ದಾರಿ ಎಂದು ಹೊಸಬರು ತಿಳಿಯಬಾರದು. ನಾನು ಗೋವಾದಲ್ಲಿ ಮನೆಯಿಂದಲೇ ಜಾಹೀರಾತುಗಳಿಗೆ ಕೆಲಸ ಮಾಡುತ್ತೇನೆ. ಬ್ಲೆಂಡರ್‌ನ ಸೈಕಲ್ಸ್ ರೆಂಡರರ್, ತಲಾ 24 ಜಿಬಿ ಮೆಮೊರಿಯ ಎರಡು ಜಿಪಿಯು (ಗ್ರಾಫಿಕ್ಸ್ ಕಾರ್ಡು). ಬಾಟಲಿ, ಹಣ್ಣು, ಚಿಮ್ಮುವ ಹಾಲು, ಇಂಥ ಸಣ್ಣ ದೃಶ್ಯಗಳಲ್ಲಿ ಸಿಪಿಯುವಿನಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ಫ್ರೇಮ್ ಈಗ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಫಾರ್ಮ್ ಇಲ್ಲದೆಯೇ ನನ್ನ ಜೀವನ ನಡೆಯುತ್ತಿದೆ.

ಆದರೆ 79 ಜಿಬಿಯ ದೃಶ್ಯ 24 ಜಿಬಿಯೊಳಗೆ ಹಿಡಿಸುವುದಿಲ್ಲ, ಮತ್ತು ಎರಡು ಕಾರ್ಡು ಹಾಕಿದೊಡನೆ ಅದು 48 ಆಗುವುದೂ ಇಲ್ಲ. ಸಾಮಾನ್ಯವಾಗಿ ಪ್ರತಿ ಕಾರ್ಡಿನೊಳಗೂ ದೃಶ್ಯದ ಪೂರ್ಣ ನಕಲು ಇರಬೇಕು. ಕಾರ್ಡಿನ ಹೊರಗಿನ ಮೆಮೊರಿ ಬಳಸುವ ವ್ಯವಸ್ಥೆ ಇದೆ, ಆದರೆ ಅದರ ಮೇಲೆ ಅತಿಯಾಗಿ ಒರಗಿದರೆ ಜಿಪಿಯುವಿನ ವೇಗವೇ ಹೊರಟುಹೋಗುತ್ತದೆ. ಅಂಧೇರಿಯವರ ನೆರೆಗೆ ಸಿಪಿಯುವೇ ಸರಿ.

ಡಿನಾಯ್ಸರ್ ಬಗ್ಗೆ ಯಾರೂ ಹೇಳಲಿಲ್ಲ. ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್‌ನಿಂದ ಗದ್ದಲವನ್ನು ಒರೆಸಿ ತೆಗೆಯುವ ಈ ಉಪಾಯ ಗೋಡೆ, ನೆಲ, ಚರ್ಮದ ಮೇಲೆ ಬಹಳ ಚೆನ್ನಾಗಿ ನಡೆಯುತ್ತದೆ. ಆದರೆ ನೊರೆಯಲ್ಲಿ ಎಚ್ಚರ ಬೇಕು: ನೊರೆಯೂ ಕಾಳು ಕಾಳು, ಗದ್ದಲವೂ ಕಾಳು ಕಾಳು. ನನ್ನ ಒಂದು ಸಮುದ್ರದ ಶಾಟಿನಲ್ಲಿ ಡಿನಾಯ್ಸರ್ ಅಲೆಯ ತುದಿಯ ಹನಿಗಳನ್ನೆಲ್ಲ ಒರೆಸಿ ಬೆಣ್ಣೆಯಂತೆ ಮಾಡಿಬಿಟ್ಟಿತು. ಒಂದು ಫ್ರೇಮ್ ನಿಲ್ಲಿಸಿ ನೋಡಿದರೆ ಗೊತ್ತಾಗಲಿಲ್ಲ, ಓಡಿಸಿ ನೋಡಿದಾಗ ಅಲೆ ಮಿಣಮಿಣ ನಡುಗುತ್ತಿತ್ತು. ಕೊನೆಗೆ ನೊರೆಯನ್ನು ಪ್ರತ್ಯೇಕ ಪಾಸ್ (ಪದರ) ಆಗಿ ಡಿನಾಯ್ಸರ್ ಇಲ್ಲದೆ ರೆಂಡರ್ ಮಾಡಿ, ಕಾಂಪಾಸಿಟಿಂಗ್‌ನಲ್ಲಿ, ಎಂದರೆ ಪದರಗಳನ್ನು ಜೋಡಿಸುವ ಹಂತದಲ್ಲಿ, ಕೂಡಿಸಿದೆ.


ಡೊಂಬಿವಲಿ ಲೋಕಲ್
ಬುಧವಾರ, ಮಧ್ಯಾಹ್ನ 2:45

ನಾನು ನಿರ್ಮಾಣದ ಲೆಕ್ಕಪತ್ರ ನೋಡುವವನು, ಆದ್ದರಿಂದ ಒರಟಾಗಿ ಕೇಳುತ್ತೇನೆ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಓಡುವ ಯಂತ್ರಗಳನ್ನು ಕೊಳ್ಳುವುದೇಕೆ? ಅಮೆಜಾನ್‌ನ ಡೇಟಾ ಸೆಂಟರ್‌ಗಳು 2016ರಿಂದ ಮುಂಬಯಿಯಲ್ಲೇ ಇವೆ. ಬೇಕಾದಾಗ ಕ್ಲೌಡ್‌ನಲ್ಲಿ ನೂರು ಯಂತ್ರ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಿದರಾಯಿತಲ್ಲ?


ಕೊಥ್ರೂಡ್ ಕನ್ನಡಿಗ
ಬುಧವಾರ, ರಾತ್ರಿ 9:20

ನಿಮ್ಮ ಮಾತಿನಲ್ಲಿ ಹುರುಳಿದೆ. ವರ್ಷಕ್ಕೊಮ್ಮೆ ಬರುವ ಒತ್ತಡಕ್ಕೆ ಕ್ಲೌಡ್ ನಿಜಕ್ಕೂ ಉಪಕಾರಿ, ದೊಡ್ಡ ಸ್ಟುಡಿಯೋಗಳೂ ಬಳಸುತ್ತವೆ. ಸರದಿ ನಡೆಸುವ ತಂತ್ರಾಂಶಕ್ಕೂ ಹೆಚ್ಚು ಖರ್ಚು ಮಾಡಬೇಕಿಲ್ಲ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ತನ್ನೊಳಗೆ ಬಳಸುತ್ತಿದ್ದ ವ್ಯವಸ್ಥೆಯನ್ನು ಗೂಗಲ್ ಜೊತೆ ಸೇರಿ 2019ರಲ್ಲಿ ‘ಓಪನ್‌ಕ್ಯೂ’ ಎಂಬ ಹೆಸರಿನಲ್ಲಿ ಮುಕ್ತವಾಗಿ ಬಿಟ್ಟಿದೆ.

ಆದರೆ ಈ ಶಾಟನ್ನೇ ತೆಗೆದುಕೊಳ್ಳಿ. ನೀರಿನ ಕ್ಯಾಶ್ ಒಟ್ಟು 480 ಜಿಬಿ. ಕಚೇರಿಯ ಇಂಟರ್ನೆಟ್ ಸೆಕೆಂಡಿಗೆ 200 ಮೆಗಾಬಿಟ್ ವೇಗದಲ್ಲಿ ಒಮ್ಮೆಯೂ ಕುಗ್ಗದೆ ಮೇಲೇರಿಸಿದರೂ 5 ಗಂಟೆ 20 ನಿಮಿಷ ಬೇಕು. ನಿರ್ದೇಶಕರು ಅಲೆ ಇನ್ನಷ್ಟು ಎತ್ತರವಿರಲಿ ಎಂದರೆ ಮತ್ತೆ ಅಷ್ಟೇ ಹೊತ್ತು. ಕಡಿಮೆ ದರದ ‘ಸ್ಪಾಟ್’ ಯಂತ್ರಗಳನ್ನು ಹಿಡಿದರೆ, ಎರಡು ನಿಮಿಷದ ಮುನ್ಸೂಚನೆ ಕೊಟ್ಟು ಅವನ್ನು ಹಿಂದಕ್ಕೆ ಪಡೆಯುವ ಹಕ್ಕು ಕ್ಲೌಡ್ ಕಂಪನಿಗಿದೆ. 50 ನಿಮಿಷದ ಫ್ರೇಮ್ 48ನೆಯ ನಿಮಿಷದಲ್ಲಿ ಹೋದರೆ ಹೋದಂತೆಯೇ. ರೆಂಡರರ್‌ನ ಲೈಸೆನ್ಸ್ ಕೂಡ ನೂರು ಯಂತ್ರಗಳಿಗೆ ಬೇಕು. ಹೊರದೇಶದ ಕೆಲಸವಾದರೆ ದೃಶ್ಯಗಳನ್ನು ಕಚೇರಿಯ ಹೊರಗೆ ಕಳುಹಿಸಲು ಗ್ರಾಹಕರ ಒಪ್ಪಿಗೆ ಬೇಕು. ರೆಂಡರ್ ಯಂತ್ರಗಳಿಗೆ ಇಂಟರ್ನೆಟ್ಟೇ ಇರಬಾರದು, ಯುಎಸ್‌ಬಿ ಮುಚ್ಚಿರಬೇಕು ಎಂಬ ಷರತ್ತುಗಳು ಸಾಮಾನ್ಯ.

ಇನ್ನು, ಸ್ವಂತ ಯಂತ್ರಗಳ ಒಂದು ಖರ್ಚು ಯಾವ ಕೊಟೇಶನ್ನಿನಲ್ಲೂ ಕಾಣುವುದಿಲ್ಲ. ಒಂದು ಯಂತ್ರಕ್ಕೆ 450 ವ್ಯಾಟ್ ಎಂದಿಟ್ಟುಕೊಂಡರೆ 40 ಯಂತ್ರಗಳಿಗೆ 18 ಕಿಲೋವ್ಯಾಟ್, ದಿನಕ್ಕೆ 432 ಯೂನಿಟ್. ಆ 18 ಕಿಲೋವ್ಯಾಟ್ ಅಷ್ಟೂ ಶಾಖವಾಗಿ ಆ ಕೋಣೆಯಲ್ಲೇ ಉಳಿಯುತ್ತದೆ. ಒಂದು ಟನ್ ಎಸಿ ಹೊರಹಾಕುವುದು ಸುಮಾರು 3.5 ಕಿಲೋವ್ಯಾಟ್. ಎಂದರೆ ಐದು ಟನ್ನಿಗೂ ಹೆಚ್ಚು ಎಸಿ, ರಾತ್ರಿ ಹಗಲು, ಮತ್ತು ಅದು ಕೆಟ್ಟಾಗ ಹೊತ್ತುಕೊಳ್ಳಲು ಇನ್ನೊಂದು.


ರಾತ್ರಿಪಾಳಿ
ಗುರುವಾರ, ಬೆಳಗಿನ ಜಾವ 4:05

ವಿದ್ಯುತ್ತಿನ ಮಾತು ಬಂದದ್ದರಿಂದ ಒಂದೆರಡು ಸಾಲು. 2020ರ ಅಕ್ಟೋಬರ್ 12ರಂದು ಮುಂಬಯಿಗೆ ಮುಂಬಯಿಯೇ ಕತ್ತಲಾದಾಗ ಯುಪಿಎಸ್ ಇದ್ದವರೂ ಫ್ರೇಮ್‌ಗಳನ್ನು ಕಳೆದುಕೊಂಡರು, ಏಕೆಂದರೆ ಯಂತ್ರಗಳು ಓಡುತ್ತಿದ್ದವು, ಎಸಿ ನಿಂತಿತ್ತು. ಕೋಣೆ ಹತ್ತು ನಿಮಿಷದಲ್ಲಿ ಕಾದು ಹೋಗುತ್ತದೆ. ಯುಪಿಎಸ್ ಇರುವುದು ರೆಂಡರ್ ಮುಂದುವರಿಸಲಿಕ್ಕಲ್ಲ, ಫೈಲ್ ಸರ್ವರನ್ನು ಸುರಕ್ಷಿತವಾಗಿ ಮುಚ್ಚಲಿಕ್ಕೆ ಎಂದು ತಿಳಿದು ವ್ಯವಸ್ಥೆ ಮಾಡಿ. ಬ್ಯಾಟರಿಗಳನ್ನು ಬೇಸ್‌ಮೆಂಟಿನಲ್ಲಿ ಇಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು ಇದು.


ಮಾಟುಂಗಾ ವಿದ್ಯಾರ್ಥಿನಿ
ಗುರುವಾರ, ಬೆಳಿಗ್ಗೆ 8:40

ಎರಡು ವರ್ಷದಲ್ಲಿ ತರಗತಿಯಲ್ಲಿ ತಿಳಿಯದ್ದು ಮೂರು ದಿನದಲ್ಲಿ ಇಲ್ಲಿ ತಿಳಿಯಿತು. ನಿನ್ನೆ ನನ್ನ ಪ್ರಾಜೆಕ್ಟಿನ ಲಾಗ್ ಮೊದಲ ಬಾರಿಗೆ ತೆರೆದೆ. ಸ್ನೇಹಿತೆಯ ಮುಖಕ್ಕೆ ಹಾಕಿದ 8ಕೆ ಟೆಕ್ಸ್ಚರ್ ಪರದೆಯ ಮೇಲೆ ಹೆಬ್ಬೆರಳಿನಷ್ಟು ಕಾಣುತ್ತಿತ್ತು. ಅದನ್ನು 1ಕೆ ಮಾಡಿದೆ. ರ‍್ಯಾಂಗ್ಲರ್ ಕೆಲಸಕ್ಕೆ ಸೇರಲು ಏನೇನು ಕಲಿತಿರಬೇಕು ಅಣ್ಣಾ?


ರಾತ್ರಿಪಾಳಿ
ಗುರುವಾರ, ಸಂಜೆ 6:30

ಲಿನಕ್ಸ್‌ನ ಆಜ್ಞೆಗಳು, ಸ್ವಲ್ಪ ಪೈಥಾನ್, ಮತ್ತು ಕೆಟ್ಟ ಫ್ರೇಮನ್ನು ಗುರುತಿಸುವ ಕಣ್ಣು. ಮೊದಲೆರಡನ್ನು ಆರು ತಿಂಗಳಲ್ಲಿ ಕಲಿಯಬಹುದು, ಮೂರನೆಯದಕ್ಕೆ ನಿಮ್ಮ ಚಿತ್ರಕಲೆಯ ಅಭ್ಯಾಸವೇ ನೆರವಾಗುತ್ತದೆ. ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿಯಲ್ಲಿ ಮನೆಯವರೆಗೆ ಗಾಡಿ ಕೊಡುವ ಸ್ಟುಡಿಯೋವನ್ನೇ ಆರಿಸಿಕೊಳ್ಳಿ ತಂಗಿ, ಸಂದರ್ಶನದಲ್ಲೇ ಅದನ್ನು ಕೇಳಿ.


ಅಂಧೇರಿ ನಿವಾಸಿ
ಎರಡು ವಾರಗಳ ನಂತರ, ಶನಿವಾರ, ಬೆಳಿಗ್ಗೆ 10:15

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಇಲ್ಲಿನ ಲೆಕ್ಕಗಳನ್ನು ಎರಡು ಪುಟದಲ್ಲಿ ಬರೆದು ಮಾಲೀಕರ ಮುಂದಿಟ್ಟೆ. ಅವರು ಮೊದಲು ನಂಬಲಿಲ್ಲ. ನಾಲ್ಕು ಯಂತ್ರಗಳಲ್ಲಿ ಮಾತ್ರ ಮಾಡಿ ತೋರಿಸಿ ಎಂದರು. ನಾಲ್ಕರ ರ‍್ಯಾಮನ್ನು 128 ಜಿಬಿಗೆ ಏರಿಸಿ, ಟೆಕ್ಸ್ಚರ್‌ಗಳನ್ನು ಒಳಗಿನ ಎಸ್‌ಎಸ್‌ಡಿಗೆ ಹಾಕಿ, 187ನೆಯ ಫ್ರೇಮನ್ನೇ ಆರಿಸಿ ಅವರ ಎದುರಿಗೇ ಕಳುಹಿಸಿದೆ. 62 ನಿಮಿಷದಲ್ಲಿ ಮುಗಿಯಿತು, ಯಂತ್ರದ ಬಳಕೆ ಶೇ. 96. ಕೊಟೇಶನ್ ಅಂದೇ ವಾಪಸ್ ಹೋಯಿತು.

ಈಗ 16ಕ್ಕೂ ರ‍್ಯಾಮ್ ಬಂದಿದೆ, ಸರ್ವರ್‌ಗೆ 10 ಗಿಗಾಬಿಟ್ ಕಾರ್ಡು ಬಂದಿದೆ. ಮಡಗಾಂವ್ ಅಕ್ಕ ಹೇಳಿದಂತೆ ನೊರೆಯನ್ನು ಬೇರೆ ಪಾಸ್ ಮಾಡಿಸಿದ್ದೇವೆ. ಕ್ಯಾಶ್ ಓದಲು 16 ಯಂತ್ರಗಳೂ ಸೇರಿ ತೆಗೆದುಕೊಳ್ಳುವುದು ಅರ್ಧ ನಿಮಿಷದ ಸುತ್ತಮುತ್ತ. ಒಂದು ವಿಷಯದಲ್ಲಿ ಮಾತ್ರ ರಾತ್ರಿಪಾಳಿ ಅಣ್ಣನ ಸಲಹೆಯಿಂದ ಸ್ವಲ್ಪ ಸರಿದೆವು: ಕಂತಿಗೆ ಐದು ಫ್ರೇಮ್ ಇಟ್ಟಾಗ, ಶಾಟಿನ ಕೊನೆಯಲ್ಲಿ ಒಂದೆರಡು ಯಂತ್ರಗಳಷ್ಟೇ ದುಡಿದು ಉಳಿದವು ಸುಮ್ಮನಿರುತ್ತಿದ್ದವು, ಮೂರು ಇಟ್ಟ ಮೇಲೆ ಸರಿಹೋಯಿತು.

ನಿನ್ನೆ ಸಂಜೆ ಆರೂವರೆಗೆ 240 ಫ್ರೇಮ್‌ಗಳನ್ನೂ ಸರದಿಗೆ ಹಾಕಿ ಮನೆಗೆ ಹೋದೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಬಂದಾಗ ಎಲ್ಲವೂ ಹಸಿರಾಗಿತ್ತು. ಆದರೂ ಸಣ್ಣ ಚಿತ್ರಗಳನ್ನು ಹರಡಿಕೊಂಡು ಒಂದೊಂದಾಗಿ ನೋಡಿದೆ. 203ನೆಯದರಲ್ಲಿ ಮನೆಯ ಮಾಡಿನ ಅಂಚಿನಲ್ಲಿ ಒಂದೇ ಒಂದು ಬಿಳಿ ಪಿಕ್ಸೆಲ್ ಉರಿಯುತ್ತಿತ್ತು. ಅದನ್ನು ಮತ್ತೆ ಕಳುಹಿಸಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಅರ್ಧ ದಾಟಿದೆ.